ದುಬಾರಿ ಸೈಕಲ್ಲಿಗೆ ಇನ್ಶೂರೆನ್ಸ್: ನಾಲ್ಕು ವರ್ಷ, ಎರಡು ಕ್ಲೇಮ್

ನಾಲ್ಕು ವರ್ಷದಿಂದ ಒಂದೇ ಸೈಕಲ್ಲಿಗೆ ಇನ್ಶೂರೆನ್ಸ್ ಕಟ್ಟುತ್ತಿದ್ದೇನೆ. ಎರಡು ಸಲ ಕ್ಲೇಮ್ ಮಾಡಿದ್ದೇನೆ. ಒಂದು ಸಲ ದುಡ್ಡು ಬಂತು, ಒಂದು ಸಲ ಬರಲಿಲ್ಲ. ಬರದೇ ಇದ್ದದ್ದಕ್ಕೆ ಅರ್ಧ ತಪ್ಪು ನನ್ನದೇ, ಯಾಕಂದ್ರೆ ಪಾಲಿಸಿ ಓದಿರಲಿಲ್ಲ. ಪ್ರೀಮಿಯಂ ಎಷ್ಟು ಅಂತ ಮಾತ್ರ ನೋಡಿದ್ದೆ. ಕಂಪನಿಯ ಹೆಸರು ಬರೆಯೋದಿಲ್ಲ, ಅದು ಮುಖ್ಯವೂ ಅಲ್ಲ. ಷರತ್ತುಗಳು ಹೆಚ್ಚುಕಡಿಮೆ ಎಲ್ಲಾ ಕಡೆ ಒಂದೇ ಥರ ಇರುತ್ತವೆ.

ಸೈಕಲ್ ಕಾರ್ಬನ್ ಫ್ರೇಮಿನದು. ತಂದ ವಾರ ಮನೆಯ ಇನ್ಶೂರೆನ್ಸಲ್ಲೇ ಇದನ್ನೂ ಸೇರಿಸಿಬಿಡೋಣ ಅಂದುಕೊಂಡಿದ್ದೆ. ತೆಗೆದು ನೋಡಿದರೆ ಒಂದೊಂದು ವಸ್ತುವಿಗೂ ಇಷ್ಟೇ ಅಂತ ಮಿತಿ ಇತ್ತು, ನನ್ನ ಸೈಕಲ್ ಬೆಲೆ ಅದನ್ನು ದಾಟಿತ್ತು. ಅದಕ್ಕಿಂತ ದೊಡ್ಡ ತೊಂದರೆ, ಸೈಕಲ್ ಮನೆಯೊಳಗೆ ಇದ್ದರೆ ಮಾತ್ರ ಕವರ್. ಮನೆಯೊಳಗೆ ಇಡೋಕೆ ಯಾರಾದರೂ ಸೈಕಲ್ ತಗೊಳ್ತಾರಾ? ಹೊರಗೂ ಬೇಕು ಅಂದರೆ ಬೇರೆ ದುಡ್ಡು ಕಟ್ಟಬೇಕಿತ್ತು, ಅದರಲ್ಲೂ ಕಳ್ಳತನಕ್ಕೆ ಮಾತ್ರ, ಬಿದ್ದು ಮುರಿದರೆ ಇಲ್ಲ. ಹಾಗಾಗಿ ಸೈಕಲ್ಲಿಗೇ ಅಂತ ಇರುವ ಪಾಲಿಸಿ ತಗೊಂಡೆ. ಮನೆಯಲ್ಲೇ ಇಟ್ಟುಕೊಂಡು ಟ್ರೇನರ್ (ಸೈಕಲನ್ನು ನಿಂತಲ್ಲೇ ತುಳಿಯೋಕೆ ಇರುವ ಸ್ಟ್ಯಾಂಡ್) ಮೇಲೆ ತುಳಿಯುವವರಿಗೆ ಮನೆಯ ಪಾಲಿಸಿಯೇ ಸಾಕಾಗಬಹುದು, ಮಿತಿಯನ್ನು ಮಾತ್ರ ನೋಡಿಕೊಳ್ಳಿ.

ಮೊದಲ ಕ್ಲೇಮ್ ಮುಂದಿನ ಚಕ್ರದ್ದು. ಕಂಬಿಗೆ ಸೈಕಲ್ ಒರಗಿಸಿ, ಫ್ರೇಮ್ ಮತ್ತು ಹಿಂದಿನ ಚಕ್ರ ಎರಡನ್ನೂ ಸೇರಿಸಿ ಯು-ಲಾಕ್ ಹಾಕಿ ಒಳಗೆ ಹೋಗಿದ್ದೆ. ವಾಪಸ್ ಬಂದಾಗ ಸೈಕಲ್ ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವಲು) ತುದಿಗಳನ್ನು ನೆಲಕ್ಕೆ ಊರಿಕೊಂಡು ಮಂಡಿಯೂರಿದ ಹಾಗೆ ನಿಂತಿತ್ತು. ಕ್ವಿಕ್ ರಿಲೀಸ್ ಚಕ್ರ, ಬಿಚ್ಚೋಕೆ ಹತ್ತು ಸೆಕೆಂಡ್ ಸಾಕು. ಪೊಲೀಸ್ ದೂರು ಕೊಟ್ಟೆ, ಫಾರ್ಮ್ ತುಂಬಿದೆ, ಫೋಟೋ ಕಳಿಸಿದೆ. ಎರಡು ಸಾಲಿನ ಉತ್ತರ ಬಂತು: ಬಿಡಿಭಾಗ ಕಳುವಾದರೆ, ಸೈಕಲ್ಲೂ ಅದರ ಜೊತೆಗೇ ಕಳುವಾಗಿದ್ದರೆ ಮಾತ್ರ ಪರಿಹಾರ. ಅಂದರೆ ಕಳ್ಳ ಪೂರ್ತಿ ಸೈಕಲ್ ಒಯ್ದಿದ್ದರೆ ನನಗೆ ದುಡ್ಡು ಬರ್ತಿತ್ತು! ಫೋನ್ ಮಾಡಿ ಕೇಳಿದೆ. "ಸರ್, ಪುಟ ಒಂಬತ್ತರಲ್ಲಿ ಇದೆ ಸರ್" ಅಂದರು. ತೆಗೆದು ನೋಡಿದೆ, ಇತ್ತು.

ಅವತ್ತು ರಾತ್ರಿ ಕೂತು ಪೂರ್ತಿ ಓದಿದೆ. ಬೀಗದ ಭಾಗ ನಾನು ಅಂದುಕೊಂಡದ್ದಕ್ಕಿಂತ ಬಿಗಿಯಾಗಿತ್ತು. ಬೀಗ ಅಂದರೆ ಯಾವುದೋ ಒಂದು ಬೀಗ ಅಲ್ಲ, ಸೈಕಲ್ ಬೆಲೆ ಜಾಸ್ತಿ ಆದಂತೆ ಬೀಗದ ದರ್ಜೆಯೂ ಮೇಲೇರಬೇಕು. ಸೋಲ್ಡ್ ಸೆಕ್ಯೂರ್ ಅಂತ ಒಂದು ಸಂಸ್ಥೆ ಬೀಗಗಳನ್ನು ಪರೀಕ್ಷೆ ಮಾಡಿ ಕಂಚು, ಬೆಳ್ಳಿ, ಚಿನ್ನ, ವಜ್ರ ಅಂತ ದರ್ಜೆ ಕೊಡುತ್ತೆ. ಎಷ್ಟೋ ಪಾಲಿಸಿಗಳು ಇಂಥ ಪಟ್ಟಿಯನ್ನೇ ನೆಚ್ಚಿಕೊಂಡಿವೆ. ಬೀಗ ಫ್ರೇಮಿನ ಒಳಗಿಂದ ಹಾದು ಅಲ್ಲಾಡದ ವಸ್ತುವಿಗೆ ಬೀಳಬೇಕು. ಚಕ್ರಕ್ಕೆ ಮಾತ್ರ ಹಾಕಿದ್ದರೆ ಲೆಕ್ಕಕ್ಕಿಲ್ಲ. ಇಷ್ಟು ಗಂಟೆಗಿಂತ ಜಾಸ್ತಿ ಹೊರಗೆ ಬಿಟ್ಟಿದ್ದರೆ ಕೆಲವರು ಕೊಡೋದೇ ಇಲ್ಲ. ಬೀಗದ ಬಿಲ್ ಕೂಡ ಕೇಳ್ತಾರೆ, ಸೈಕಲ್ಲಿನ ಬಿಲ್ ಜೋಪಾನ ಮಾಡುವವರು ಬೀಗದ ಬಿಲ್ ಮಾತ್ರ ಅಂಗಡಿ ಬಾಗಿಲಲ್ಲೇ ಎಸೆದುಬಿಡ್ತಾರೆ. ಕೇಬಲ್ ಲಾಕ್ ಇದ್ದರೆ ಅದನ್ನು ಬೀಗ ಅಂತ ಹೆಚ್ಚಿನವರು ಒಪ್ಪೋದಿಲ್ಲ, ಒಂದು ಕಟ್ಟರ್ ಇದ್ದರೆ ಅದು ದಾರ ಕತ್ತರಿಸಿದ ಹಾಗೆ.

ಮನೆಯ ಬಗ್ಗೆಯೂ ಷರತ್ತು ಇರುತ್ತೆ, ಇದು ನನಗೆ ಹೊಳೆದೇ ಇರಲಿಲ್ಲ. ಬೇರೆಯವರೂ ಓಡಾಡುವ ಮೆಟ್ಟಿಲ ಕೆಳಗೋ ಪಾರ್ಕಿಂಗಲ್ಲೋ ಇಟ್ಟರೆ ಅಲ್ಲೂ ಬೀಗ ಬೇಕು. ಒಳಗಿಂದ ಕದ್ದರೆ ಬಾಗಿಲು ಮುರಿದ ಗುರುತು ಇರಬೇಕು. ಮಧ್ಯಾಹ್ನ ಬಾಗಿಲು ತೆರೆದಿಟ್ಟು ಮಲಗುವವರು ಯೋಚನೆ ಮಾಡಿ.

ಇನ್ನು ಮೊತ್ತದ ವಿಚಾರ. ಇದರಲ್ಲಿ ಜಾಸ್ತಿ ಜನ ಎಡವೋದು, ನಾನೂ ಎಡವುವುದರಲ್ಲಿದ್ದೆ. ಪ್ರೀಮಿಯಂ ಉಳಿಸೋಕೆ ಸೈಕಲ್ ಬೆಲೆ ಕಡಿಮೆ ಹೇಳೋದು, ಅಥವಾ ನನ್ನ ಥರ ಆಮೇಲೆ ಒಳ್ಳೆ ಚಕ್ರ, ತುಳಿತದ ಶಕ್ತಿ ಅಳೆಯುವ ಪವರ್ ಮೀಟರ್ ಹಾಕಿಸಿ ಕಂಪನಿಗೆ ತಿಳಿಸದೇ ಇರೋದು. ಸೈಕಲ್ಲಿನ ನಿಜವಾದ ಬೆಲೆ 100 ಅಂತಿಟ್ಟುಕೊಳ್ಳಿ. ನೀವು 60ಕ್ಕೆ ಇನ್ಶೂರ್ ಮಾಡಿಸಿದ್ದೀರಿ. 40ರಷ್ಟು ನಷ್ಟ ಆಯ್ತು. 40 ಹೇಗೂ 60ರೊಳಗೇ ಇದೆ, ಪೂರ್ತಿ ಬರುತ್ತೆ ಅನ್ನಿಸುತ್ತೆ ಅಲ್ವಾ? ಅನುಪಾತದ ಷರತ್ತು (ಬೆಲೆಯ ಎಷ್ಟು ಪಾಲಿಗೆ ಇನ್ಶೂರ್ ಮಾಡಿಸಿದ್ದೀರೋ ನಷ್ಟದಲ್ಲೂ ಅಷ್ಟೇ ಪಾಲು) ಇರುವ ಪಾಲಿಸಿಯಲ್ಲಿ ಸಿಗೋದು 40ರಲ್ಲಿ 60%, ಅಂದರೆ 24. ಅದರಲ್ಲಿ ನಿಮ್ಮ ಪಾಲಿನದು ಅಂತ ಮೊದಲೇ ಒಪ್ಪಿಕೊಂಡ ಮೊತ್ತವೂ ಕಳೆಯುತ್ತೆ.

ಜೊತೆಗೆ ಸವಕಳಿ, ಅಂದರೆ ಹಳೆಯದಾದಂತೆ ಬೆಲೆ ಇಳಿಯೋದು. 'ಹಳೆಯದಕ್ಕೆ ಹೊಸದು' ಅಂತ ಸ್ಪಷ್ಟವಾಗಿ ಬರೆದಿದ್ದರೆ ಹೊಸ ಸೈಕಲ್ಲಿನ ಬೆಲೆ ಸಿಗುತ್ತೆ. ಇಲ್ಲದಿದ್ದರೆ ಇವತ್ತಿನ ಮಾರುಕಟ್ಟೆ ಬೆಲೆ, ಅಂದರೆ ಮೂರು ವರ್ಷದ ಸೈಕಲ್ಲಿಗೆ ಕೈಗೆ ಬರುವ ದುಡ್ಡಲ್ಲಿ ಅದೇ ಸೈಕಲ್ ಬರೋದಿಲ್ಲ. ಮೊದಲ ಕೆಲವು ವರ್ಷ ಹೊಸದರ ಬೆಲೆ, ಆಮೇಲೆ ಸವಕಳಿ ಅನ್ನುವ ಪಾಲಿಸಿಗಳೂ ಇವೆ. ನನ್ನದು ಅಂಥದ್ದೇ.

ಎರಡನೇ ಕ್ಲೇಮ್ ಬಿದ್ದದ್ದಕ್ಕೆ. ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು, ತಿರುವಿನಲ್ಲಿ ಬಲಕ್ಕೆ ಜಾರಿ ಬಿದ್ದೆ. ಮೊಣಕೈ ತರಚಿತು, ಗೇರ್ ಬದಲಿಸುವ ಡಿರೇಲರ್ ಒಳಕ್ಕೆ ಬಾಗಿತು, ಅಷ್ಟೇ ಅಂದುಕೊಂಡೆ. ತಂಗಿಗೆ ಕಳಿಸೋಣ ಅಂತ ಸುಮ್ನೆ ನಾಲ್ಕು ಫೋಟೋ ತೆಗೆದಿದ್ದೆ. ಎರಡು ದಿನ ಆದಮೇಲೆ ಏರು ಹತ್ತುವಾಗ ಟಿಕ್ ಟಿಕ್ ಅಂತ ಸದ್ದು. ಪೆಡಲ್ ಬಿಗಿ ಮಾಡಿದೆ, ಸೀಟ್ ಪೋಸ್ಟ್ ಬಿಚ್ಚಿ ಗ್ರೀಸ್ ಹಚ್ಚಿದೆ, ಸದ್ದು ಹೋಗಲಿಲ್ಲ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಟಾಪ್ ಟ್ಯೂಬಿನ (ಫ್ರೇಮಿನ ಮೇಲಿನ ಕೊಳವೆ) ಕೆಳಗೆ ಕೂದಲೆಳೆಯಂಥ ಗೆರೆ ಕಂಡಿತು. ಬಟ್ಟೆ ಸರಿಸಿದ ಮೇಲೂ ಗೆರೆಯಲ್ಲಿ ಮಾತ್ರ ನೀರು ಉಳಿದಿತ್ತು. ನಾಣ್ಯದಲ್ಲಿ ತಟ್ಟಿದರೆ ಉಳಿದ ಕಡೆ ಟಣ್ ಅಂತಿದ್ದದ್ದು ಅಲ್ಲಿ ಮಂದ ಸದ್ದು. ಕಾರ್ಬನ್ ಹೀಗೇ, ಮೇಲೆ ಬಣ್ಣ ಹೋಗದೇ ಒಳಗಿನ ಪದರ ಬಿಟ್ಟಿರಬಹುದು.

ನಷ್ಟ ನೋಡೋಕೆ ಕಂಪನಿ ಕಳಿಸಿದ ಸರ್ವೇಯರ್ ಬಂದು ಕೇಳಿದ್ದು ಒಂದೇ ಪ್ರಶ್ನೆ, ತಿರುಗಿಸಿ ತಿರುಗಿಸಿ: "ಈ ಬಿರುಕು ಅವತ್ತೇ ಆಗಿದ್ದು ಅಂತ ಹೇಗೆ ಹೇಳ್ತೀರಿ?" ಅಪಘಾತಕ್ಕೆ ಕವರ್ ಇದೆ, ಬಳಸಿ ಬಳಸಿ ಸವೆದದ್ದಕ್ಕೆ ಇಲ್ಲ. ಅಲ್ಲಿ ಆ ನಾಲ್ಕು ಫೋಟೋ ಕೈ ಹಿಡಿದವು, ಅವುಗಳಲ್ಲಿ ಜಾಗ, ದಿನ, ಬಾಗಿದ ಡಿರೇಲರ್ ಎಲ್ಲಾ ಇತ್ತು. ಮೆಕ್ಯಾನಿಕ್ ಹತ್ತಿರ ಬರೆಸಿಕೊಂಡ ವರದಿಯನ್ನೂ ಕೊಟ್ಟೆ. ಏಳು ವಾರ ಹಿಡಿಯಿತು, ನನ್ನ ಪಾಲು ಕಳೆದು ಫ್ರೇಮಿನ ದುಡ್ಡು ಬಂತು. ಹಳೆ ಫ್ರೇಮಿನಿಂದ ಎಲ್ಲಾ ಬಿಚ್ಚಿ ಹೊಸದಕ್ಕೆ ಜೋಡಿಸುವ ಕೂಲಿಯನ್ನು ಮೊದಲು ಬಿಟ್ಟಿದ್ದರು, ಮೂರು ಮೇಲ್ ಆದಮೇಲೆ ಸೇರಿಸಿದರು. ಒಡೆದ ಫ್ರೇಮ್ ಅವರೇ ಒಯ್ದರು. ದುಡ್ಡು ಕೊಟ್ಟ ಮೇಲೆ ಅದು ಅವರದ್ದೇ ಅಂತೆ, ಗೋಡೆಗೆ ನೇತು ಹಾಕೋಣ ಅಂತ ಆಸೆ ಇತ್ತು ನನಗೆ. ಒಂದು ಮಾತು, ಎಷ್ಟೋ ತಯಾರಕರು ಬಿದ್ದು ಒಡೆದ ಫ್ರೇಮಿಗೆ ರಿಯಾಯಿತಿಯಲ್ಲಿ ಬದಲಿ ಕೊಡ್ತಾರೆ, ಕ್ಲೇಮ್ ಹಾಕುವ ಮುಂಚೆ ಅದನ್ನೂ ಕೇಳಿ ನೋಡಿ.

ನನಗೆ ಇನ್ನೂ ಎದುರಾಗದ ಷರತ್ತುಗಳ ಬಗ್ಗೆ ಬೇಗ ಹೇಳಿಬಿಡ್ತೀನಿ. ರೇಸಿಗೆ ಸಾಮಾನ್ಯವಾಗಿ ಕವರ್ ಇರೋದಿಲ್ಲ, ಸಮಯ ದಾಖಲಿಸುವ ರೈಡನ್ನೂ ಕೆಲವರು ರೇಸ್ ಅಂತಲೇ ಲೆಕ್ಕ ಹಾಕ್ತಾರೆ. ಡೆಲಿವರಿ ಕೆಲಸಕ್ಕೆ ಬಳಸಿದರೆ ಸಾಮಾನ್ಯ ಪಾಲಿಸಿ ನಡೆಯೋದಿಲ್ಲ. ವಿಮಾನದಲ್ಲಿ ಒಯ್ದರೆ ಗಟ್ಟಿ ಪೆಟ್ಟಿಗೆ ಬೇಕು ಅಂತ ಬರೆದಿರಬಹುದು. ಇಳಿದ ತಕ್ಷಣ ಅಲ್ಲೇ ತೆರೆದು ನೋಡಿ, ಏಟು ಬಿದ್ದಿದ್ದರೆ ವಿಮಾನ ಕಂಪನಿಯವರ ಹತ್ತಿರ ಅಲ್ಲೇ ಬರೆಸಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದಲ್ಲಿ ಬ್ಯಾಗೇಜ್ ಹಾನಿಯ ದೂರು ಕೊಡೋಕೆ 7 ದಿನ ಮಾತ್ರ. ವಿಮಾನ ಕಂಪನಿ ಕೊಡುವ ಪರಿಹಾರಕ್ಕೂ ಮಿತಿ ಇದೆ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಬೆಲೆಬಾಳುವುದು ಥರ್ಡ್ ಪಾರ್ಟಿ ಕವರ್. ಸೈಕಲ್ ಹೋದರೆ ಒಂದು ಸೈಕಲ್ ಬೆಲೆ ಹೋಯಿತು, ಯಾರಿಗೋ ಡಿಕ್ಕಿ ಹೊಡೆದು ಅವರ ಕಾಲು ಮುರಿದರೆ ಖರ್ಚು ಎಲ್ಲಿಗೆ ನಿಲ್ಲುತ್ತೋ ಹೇಳೋಕಾಗಲ್ಲ. ಹೊಸ ಸೈಕಲ್ ಕೊಳ್ಳುವಷ್ಟು ದುಡ್ಡು ಕೈಯಲ್ಲಿ ಇರುವವರು ಕಳ್ಳತನದ ಭಾಗ ಬಿಟ್ಟು ಇದೊಂದನ್ನೇ ತಗೊಂಡರೂ ತಪ್ಪಿಲ್ಲ.

ಮುಂದಿನ ತಿಂಗಳು ರಿನ್ಯೂವಲ್. ಅದೇ ಕಂಪನಿಯಲ್ಲಿ ಮುಂದುವರಿಸ್ತಿದ್ದೇನೆ, ಸಿಟ್ಟು ಇದ್ದರೂ. ಈ ಸಲ ಚಕ್ರ, ಪವರ್ ಮೀಟರ್ ಎಲ್ಲಾ ಸೇರಿಸಿ ಮೊತ್ತ ಬರೆಸಿದ್ದೇನೆ, ಬಿಡಿಭಾಗ ಮಾತ್ರ ಕಳುವಾದರೂ ಕೊಡುವ ಆಡ್-ಆನ್ ತಗೊಂಡಿದ್ದೇನೆ. ಪ್ರೀಮಿಯಂ ಸ್ವಲ್ಪ ಇಳಿಯಲಿ ಅಂತ ನನ್ನ ಪಾಲನ್ನು ಜಾಸ್ತಿ ಮಾಡಿಕೊಂಡೆ, ಸಣ್ಣ ಗೀರಿಗೆಲ್ಲಾ ಹೇಗೂ ಕ್ಲೇಮ್ ಹಾಕೋದಿಲ್ಲ. ಹೊಸ ಫ್ರೇಮಿನ ನಂಬರ್ ಪಾಲಿಸಿಗೆ ಸೇರಿಸಿ ಅಂತ ಈಗಾಗಲೇ ಎರಡು ಸಲ ಬರೆದಿದ್ದೇನೆ. ಅದು ಸಾಮಾನ್ಯವಾಗಿ ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಕೆಳಗೆ ಇರುತ್ತೆ, ಸೈಕಲ್ ತಲೆಕೆಳಗು ಮಾಡಿ ನೋಡಬೇಕು. ಅವರ ದಾಖಲೆಯಲ್ಲಿ ಇನ್ನೂ ಆ ಒಡೆದ ಫ್ರೇಮಿನ ನಂಬರೇ ಇದೆ.