ಮಲೆನಾಡಿನ ಮಳೆಗಾಲಕ್ಕೆ ಯಾವ ಬ್ಯಾಟರಿ? ಟ್ಯೂಬ್ಯುಲರ್, ಲಿಥಿಯಂ ಮತ್ತು ಒಂದೇ ಡಬ್ಬಿಯ ಯುಪಿಎಸ್

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಯಲ್ಲಿ ಆರಿದ್ರಾ ಮಳೆ ಹಿಡಿದಂದಿನಿಂದ ಆಶ್ಲೇಷಾ ಮಳೆ ಮುಗಿಯುವವರೆಗೆ ಕರೆಂಟು ಬರುವುದೂ ಹೋಗುವುದೂ ಮರಗಳ ಮರ್ಜಿಗೆ ಬಿಟ್ಟದ್ದು. ಕಾಡಿನ ನಡುವೆ ಹಾದುಬರುವ ತಂತಿಯ ಮೇಲೆ ಎಲ್ಲೋ ಒಂದು ಕೊಂಬೆ ಬಿದ್ದರೆ, ಅದು ಎಲ್ಲಿ ಬಿದ್ದಿದೆಯೆಂದು ಹುಡುಕುತ್ತ ಲೈನ್‌ಮ್ಯಾನ್ ಜಡಿಮಳೆಯಲ್ಲೇ ನಡೆದು ಹೋಗಬೇಕು. ಆತನನ್ನು ದೂರಿ ಪ್ರಯೋಜನವಿಲ್ಲ. ಒಂದೂವರೆ ದಿನ ಕತ್ತಲೆ, ನಡುವೆ ಎರಡು ಗಂಟೆ ಬೆಳಕು, ಮತ್ತೆ ಒಂದು ದಿನ ಕತ್ತಲೆ ಎಂಬ ಲೆಕ್ಕದಲ್ಲಿಯೇ ಜುಲೈ ತಿಂಗಳು ಕಳೆಯುತ್ತದೆ. ಬ್ಯಾಟರಿ ಮಾರುವವರು ಅದು ಎಷ್ಟು ಹೊತ್ತು ನಡೆಯುತ್ತದೆ, ಎಷ್ಟು ವರ್ಷ ಬಾಳುತ್ತದೆ ಎಂದು ಹೇಳುತ್ತಾರೆ. ಆದರೆ ಪುನರ್ವಸು ಮಳೆಯ ನಡುವೆ ಆ ಎರಡು ಗಂಟೆಗಳಲ್ಲಿ ಬ್ಯಾಟರಿ ಎಷ್ಟು ತುಂಬಿಕೊಳ್ಳುತ್ತದೆ ಎಂಬುದರ ಮೇಲೆ ನಮ್ಮ ಮರುದಿನ ನಿಂತಿರುತ್ತದೆ ಎನ್ನುವುದನ್ನು ನಾನು ತಿಳಿದುಕೊಳ್ಳಲು ಐದು ವರ್ಷ ಬೇಕಾಯಿತು.

ನಾನು ಬಳಸಿ ನೋಡಿದವು ಮೂರು ವ್ಯವಸ್ಥೆಗಳು. 2017ರಲ್ಲಿ ಹೆಂಚಿನ ಮಾಡಿನ ಮೇಲೆ 335 ವ್ಯಾಟಿನ ಮೂರು ಸೋಲಾರ್ ಪ್ಯಾನೆಲ್‌ಗಳನ್ನು ಹಾಕಿಸಿ, 12 ವೋಲ್ಟ್, 150 ಆಂಪಿಯರ್-ಗಂಟೆಯ ಎರಡು ಟ್ಯೂಬ್ಯುಲರ್ ಲೆಡ್-ಆಸಿಡ್, ಅಂದರೆ ಸೀಸ ಮತ್ತು ಆಮ್ಲದ, ಬ್ಯಾಟರಿಗಳನ್ನು 24 ವೋಲ್ಟಿಗೆ ಜೋಡಿಸಿದ್ದೆವು. ಅವು ಸೋತ ಮೇಲೆ, 2022ರ ಕೊನೆಯಲ್ಲಿ, ಅದೇ ಪ್ಯಾನೆಲ್‌ಗಳಿಗೆ 25.6 ವೋಲ್ಟ್, 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೊಂದನ್ನು ತಂದೆವು. ಮೂರನೆಯದು ಮೈಸೂರಿನಲ್ಲಿರುವ ಅಕ್ಕನ ಮನೆಯಲ್ಲಿ ನಾನೇ ನಿಂತು ಹಾಕಿಸಿದ, ಲಿಥಿಯಂ ಬ್ಯಾಟರಿಯನ್ನು ಒಡಲೊಳಗೇ ಇಟ್ಟುಕೊಂಡು ಗೋಡೆಗೆ ತೂಗುವ ಯುಪಿಎಸ್. ಅಳೆಯಲು ನನ್ನಲ್ಲಿ ಇದ್ದದ್ದು ತಂತಿಯಲ್ಲಿ ಹರಿಯುವ ಆಂಪಿಯರ್ ತೋರಿಸುವ ಡಿಸಿ ಕ್ಲ್ಯಾಂಪ್ ಮೀಟರ್, ಪ್ಲಗ್ಗಿಗೆ ಸಿಕ್ಕಿಸುವ ಯೂನಿಟ್ ಮೀಟರ್ ಮತ್ತು ಒಂದು ನೋಟುಪುಸ್ತಕ ಮಾತ್ರ. ಆದ್ದರಿಂದ ಮುಂದೆ ಬರುವ ಅಂಕಿಗಳನ್ನು ಮನೆಬಳಕೆಯ ನಿಖರತೆಯವೆಂದೇ ಓದಿಕೊಳ್ಳಬೇಕು.

ಮೊದಲಿಗೆ ಹಣೆಪಟ್ಟಿಯ ಲೆಕ್ಕ. ಎರಡು ಟ್ಯೂಬ್ಯುಲರ್ ಬ್ಯಾಟರಿಗಳ ಒಟ್ಟು ಸಾಮರ್ಥ್ಯ 3,600 ವ್ಯಾಟ್-ಗಂಟೆ, ಅಂದರೆ ಮೂರೂವರೆ ಯೂನಿಟ್ಟಿಗಿಂತ ತುಸು ಹೆಚ್ಚು, ಲಿಥಿಯಮ್ಮಿನದು 2,560. ಕಾಗದದ ಮೇಲೆ ಹಳೆಯದೇ ದೊಡ್ಡದು. ಆದರೆ ಸಾಮಾನ್ಯ ಯುಪಿಎಸ್ ಬ್ಯಾಟರಿಯ 150 ಎಂಬ ಅಂಕಿ ಸಿ20 ಲೆಕ್ಕದ್ದು, ಅಂದರೆ ಏಳೂವರೆ ಆಂಪಿಯರ್‌ನಂತೆ ಇಪ್ಪತ್ತು ಗಂಟೆ ನಿಧಾನವಾಗಿ ಬಸಿದಾಗ ಸಿಗುವಂಥದ್ದು. ಬೇಗ ಎಳೆದರೆ ಅಷ್ಟು ಸಿಗುವುದಿಲ್ಲ. ಸೋಲಾರ್ ಬ್ಯಾಟರಿ ಎಂದು ಮಾರುವವನ್ನು ಸಿ10, ಅಂದರೆ ಹತ್ತು ಗಂಟೆಯ, ಲೆಕ್ಕದಲ್ಲಿ ಗುರುತಿಸುವುದರಿಂದ ಅದೇ 150ಕ್ಕೆ ಅಲ್ಲಿ ತೂಕ ಹೆಚ್ಚು. ಅಂಗಡಿಯಲ್ಲಿ ಈ ಒಂದು ಗುರುತನ್ನು ನೋಡದೆ ಕೊಂಡದ್ದು ನನ್ನದೇ ತಪ್ಪು. ಇದರ ಮೇಲೆ, ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ದಿನವೂ ಇಳಿಸಿದರೆ ಅದರ ಆಯುಷ್ಯ ಬೇಗ ಕರಗುತ್ತದೆ. ಅರ್ಧದ ಮಿತಿಯನ್ನು ಪಾಲಿಸಿ, ಇನ್ವರ್ಟರ್ ತಾನೇ ನುಂಗುವ ಪಾಲನ್ನೂ ಕಳೆದರೆ ಮನೆಗೆ ಸಿಗುತ್ತಿದ್ದದ್ದು ಸುಮಾರು ಒಂದೂವರೆ ಯೂನಿಟ್. ಲಿಥಿಯಮ್ಮನ್ನು ಶೇಕಡಾ 90ರಷ್ಟು ಬಳಸಬಹುದಾದ್ದರಿಂದ ಅದೇ ಲೆಕ್ಕದಲ್ಲಿ ಎರಡು ಯೂನಿಟ್ ಸಿಗುತ್ತದೆ. ಜಗಲಿಯ ಮೂಲೆಯಲ್ಲಿ ಇಬ್ಬರು ಹೊತ್ತು ತಂದಿಟ್ಟ ನೂರು ಕಿಲೋ ಮೀರಿದ ಭಾರಕ್ಕಿಂತ, ನಾನೊಬ್ಬನೇ ಎತ್ತಿ ಇಡಬಹುದಾದ ಪೆಟ್ಟಿಗೆ ಹೆಚ್ಚು ಕೊಡುತ್ತದೆ ಎಂಬುದನ್ನು ನಮ್ಮ ತಂದೆಯವರು ಇಂದಿಗೂ ಪೂರ್ತಿ ಒಪ್ಪಿಲ್ಲ.

ಇನ್ನು ತುಂಬುವ ವಿಷಯ. ಟ್ಯೂಬ್ಯುಲರ್ ಬ್ಯಾಟರಿಗೆ ಅದರ ಸಾಮರ್ಥ್ಯದ ಹತ್ತನೇ ಒಂದರಷ್ಟು, ಅಂದರೆ 150ಕ್ಕೆ 15 ಆಂಪಿಯರ್ ಕೊಡುವುದು ರೂಢಿ. ಅರ್ಧ ಖಾಲಿಯಾದದ್ದು ಈ ವೇಗದಲ್ಲಿ ಐದು ಗಂಟೆಯಲ್ಲಿ ತುಂಬಬೇಕೆಂದು ತೋರಿದರೂ, ಮುಕ್ಕಾಲು ದಾಟಿದ ಮೇಲೆ ಅದು ವಿದ್ಯುತ್ತನ್ನು ತೆಗೆದುಕೊಳ್ಳಲು ಹಿಂದೇಟು ಹಾಕತೊಡಗುತ್ತದೆ. ವೋಲ್ಟೇಜ್ ಏರಿ ನಿಂತು, ಆಂಪಿಯರ್ ಇಳಿಯುತ್ತ, ಕೊನೆಯ ಶೇಕಡಾ 20ಕ್ಕೇ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಕೊಟ್ಟದ್ದರಲ್ಲಿ ಐದನೇ ಒಂದು ಪಾಲು ಶಾಖವಾಗಿಯೂ ಅನಿಲವಾಗಿಯೂ ಹೋಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ತನ್ನ ಸಾಮರ್ಥ್ಯದ ಅರ್ಧದಷ್ಟು, ಅಂದರೆ 100ಕ್ಕೆ 50 ಆಂಪಿಯರ್ ಕೊಟ್ಟರೂ ಹೆಚ್ಚುಕಡಿಮೆ ಕೊನೆಯವರೆಗೆ ಅದೇ ವೇಗದಲ್ಲಿ ಕುಡಿಯುತ್ತದೆ, ಮತ್ತು ಕೊಟ್ಟದ್ದರಲ್ಲಿ ಶೇಕಡಾ 90ಕ್ಕಿಂತ ಹೆಚ್ಚನ್ನು ಹಿಂದಿರುಗಿಸುತ್ತದೆ. ನಾನು ಚಾರ್ಜರನ್ನು 40 ಆಂಪಿಯರಿಗೆ ಇಟ್ಟುಕೊಂಡಿದ್ದೇನೆ. ಕರೆಂಟು ಎರಡು ಗಂಟೆ ಬಂದು ಹೋದರೆ ಹಳೆಯ ಜೋಡಿಗೆ ಸೇರುತ್ತಿದ್ದದ್ದು 30 ಆಂಪಿಯರ್-ಗಂಟೆ. ಈಗ ಸೇರುವುದು 80. ಮೊದಲಿನದು ಸಂಜೆಯ ದೀಪಗಳಿಗೆ, ಮೊಬೈಲುಗಳಿಗೆ ಮತ್ತು ಇಂಟರ್ನೆಟ್ಟಿನ ರೌಟರಿಗೆ ಮುಗಿಯುತ್ತಿತ್ತು; ಎರಡನೆಯದರಲ್ಲಿ ಅವುಗಳ ಜೊತೆಗೆ ಫ್ರಿಜ್ಜೂ ಮರುದಿನ ಬೆಳಗಿನವರೆಗೆ ನಡೆಯುತ್ತದೆ. ಈ ಒಂದು ವ್ಯತ್ಯಾಸದ ಮುಂದೆ ಉಳಿದ ಹೋಲಿಕೆಗಳೆಲ್ಲ ನನ್ನ ಮಟ್ಟಿಗೆ ಸಣ್ಣವು.

ಬಿಸಿಲಿನಿಂದ ತುಂಬುವಾಗಲೂ ಇದೇ ಕಥೆ. ಸೋನೆ ಮಳೆಯ ದಿನ ಸಾವಿರ ವ್ಯಾಟಿನ ಪ್ಯಾನೆಲ್‌ಗಳಿಂದ ನಮಗೆ ನೂರು, ನೂರೈವತ್ತು ವ್ಯಾಟ್ ದಕ್ಕಿದರೆ ಹೆಚ್ಚು. ಮಧ್ಯಾಹ್ನ ಮೋಡ ಹರಿದು ಅರ್ಧ ಗಂಟೆ ಬಿಸಿಲು ಬಿದ್ದರೆ ಅದನ್ನು ಅಷ್ಟರಲ್ಲೇ ಹಿಡಿದುಕೊಳ್ಳುವ ಬ್ಯಾಟರಿ ಬೇಕು. ಸೀಸದ ಬ್ಯಾಟರಿಗೆ ಮಳೆಗಾಲ ಮತ್ತೊಂದು ರೀತಿಯಲ್ಲೂ ಶತ್ರು: ವಾರಗಟ್ಟಲೆ ಪೂರ್ತಿ ತುಂಬದೆ ಅರೆಬರೆಯಾಗಿ ಕುಳಿತರೆ, ಫಲಕಗಳ ಮೇಲೆ ಕೂತ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ, ಮುಂದೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಹೊಸದರಲ್ಲಿ ತುಂಬಿದಾಗ, ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ 1.240 ತೋರುತ್ತಿದ್ದ ನಮ್ಮ ಬ್ಯಾಟರಿಗಳು ಮೂರನೆಯ ಮಳೆಗಾಲ ಮುಗಿಯುವ ಹೊತ್ತಿಗೆ ದಿನವಿಡೀ ಚಾರ್ಜ್ ಆದರೂ 1.200 ದಾಟದಂತಾದವು, ಒಂದು ಗೂಡು, ಅಂದರೆ ಸೆಲ್, ಅಂತೂ ಇನ್ನೂ ಕೆಳಗೇ ಉಳಿಯಿತು. ಲಿಥಿಯಮ್ಮಿಗೆ ಈ ಕಾಟವಿಲ್ಲ. ಅರ್ಧ ತುಂಬಿ ಕೂರುವುದು ಅದಕ್ಕೆ ಹಿತವೇ. ಸೀಸದ ಬ್ಯಾಟರಿಯ ಮೂಲ ವಿನ್ಯಾಸ 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಮಾಡಿದ್ದು, ಲಿಥಿಯಂ ಐರನ್ ಫಾಸ್ಫೇಟನ್ನು ಬ್ಯಾಟರಿಗೆ ಒದಗುವ ವಸ್ತುವೆಂದು ತೋರಿಸಿದ ಲೇಖನ 1997ರದ್ದು. ಆ ಲೇಖನದ ಮೂವರು ಲೇಖಕರಲ್ಲಿ ವಿಜ್ಞಾನಿ ಜಾನ್ ಗುಡ್‌ಇನಫ್ ಅವರ ಜೊತೆಗೆ ಪಾಧಿ ಮತ್ತು ನಂಜುಂಡಸ್ವಾಮಿ ಎಂಬ ಹೆಸರುಗಳಿವೆ ಎಂದು ತಿಳಿದಾಗ, ಜಗಲಿಯ ಮೂಲೆಯ ಆ ಪೆಟ್ಟಿಗೆ ನನಗೆ ತುಸು ಹತ್ತಿರದ್ದೆನಿಸಿತು.

ಇಷ್ಟು ಹೊಗಳಿದ ಮೇಲೆ, ಮೊದಲ ಎರಡು ತಿಂಗಳು ಲಿಥಿಯಂ ನನ್ನನ್ನು ಸತಾಯಿಸಿದ್ದನ್ನೂ ಹೇಳಬೇಕು. ಹಣ ಉಳಿಸಲೆಂದು ಹಳೆಯ ಇನ್ವರ್ಟರಿಗೇ ಹೊಸ ಬ್ಯಾಟರಿಯನ್ನು ಜೋಡಿಸಿದ್ದೆ. ಎಂಟು ಕೋಶಗಳ ಆ ಬ್ಯಾಟರಿಯಲ್ಲಿ ಪ್ರತಿ ಕೋಶದ ಗರಿಷ್ಠ ಮಿತಿ 3.65 ವೋಲ್ಟ್, ಒಟ್ಟಿಗೆ 29.2. ಹಳೆಯ ಇನ್ವರ್ಟರ್ ಟ್ಯೂಬ್ಯುಲರ್ ಎಂದೇ ತಿಳಿದು 29.6ರವರೆಗೆ ಒತ್ತುತ್ತಿತ್ತು, ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್, ಅಂದರೆ ಬಿಎಂಎಸ್, ತನ್ನನ್ನು ಕಾಪಾಡಿಕೊಳ್ಳಲು ಸಂಪರ್ಕವನ್ನೇ ಕಡಿದುಬಿಡುತ್ತಿತ್ತು, ಇನ್ವರ್ಟರ್ ಬ್ಯಾಟರಿಯೇ ಇಲ್ಲವೆಂದು ಕೂಗುತ್ತಿತ್ತು. ಇನ್ನೊಂದು ತೊಂದರೆ ಅದಕ್ಕಿಂತ ಮೋಜಿನದು. ಸೀಸದ ಬ್ಯಾಟರಿ ಖಾಲಿಯಾಗುತ್ತ ಬಂದಂತೆ ವೋಲ್ಟೇಜ್ ಮೆಲ್ಲಗೆ ಇಳಿಯುವುದರಿಂದ ಬ್ಯಾಟರಿ ಎಷ್ಟು ಉಳಿದಿದೆಯೆಂದು ತೋರಿಸುವ ಇನ್ವರ್ಟರಿನ ಗೀಟುಗಳು ಒಂದೊಂದಾಗಿ ಆರಿ, ಕೊನೆಗೆ ಅದು ಬೀಪ್ ಎಂದು ಎಚ್ಚರಿಸುತ್ತದೆ. ಲಿಥಿಯಂ ಐರನ್ ಫಾಸ್ಫೇಟಿನ ವೋಲ್ಟೇಜ್ ಮೊದಲಿನಿಂದ ಬಹುಪಾಲು ಕೊನೆಯವರೆಗೆ ಸಪಾಟಾಗಿದ್ದು ಆಮೇಲೆ ಒಮ್ಮೆಗೇ ಕುಸಿಯುತ್ತದೆ. ಹೀಗಾಗಿ ಐದು ಗೀಟುಗಳೂ ಉರಿಯುತ್ತಿದ್ದಂತೆಯೇ ಮನೆ ಕತ್ತಲಾಗುತ್ತಿತ್ತು. ಮೇಲಾಗಿ ಆ ಇನ್ವರ್ಟರಿನ ಚಾರ್ಜರ್ ಕೊಡುತ್ತಿದ್ದದ್ದು 15 ಆಂಪಿಯರ್ ಮಾತ್ರವಾದ್ದರಿಂದ, ನಾನು ಮೇಲೆ ಹೇಳಿದ ವೇಗದ ಲಾಭ ಒಂದು ಕಾಸಿನಷ್ಟೂ ಸಿಕ್ಕಿರಲಿಲ್ಲ. ಲಿಥಿಯಂ ಸೆಟ್ಟಿಂಗ್ ಇರುವ, ಎಂಪಿಪಿಟಿ (ಪ್ಯಾನೆಲ್ಲಿನಿಂದ ಸಿಗುವಷ್ಟೂ ಶಕ್ತಿಯನ್ನು ಹಿಡಿಯುವ) ಚಾರ್ಜರಿನ ಹೊಸ ಇನ್ವರ್ಟರ್ ತಂದ ಮೇಲೆಯೇ ವ್ಯವಸ್ಥೆ ಹದಕ್ಕೆ ಬಂದದ್ದು. ಹಳೆಯ ಪಿಡಬ್ಲ್ಯೂಎಂ ನಿಯಂತ್ರಕ ಪ್ಯಾನೆಲ್‌ನ ಹೆಚ್ಚುವರಿ ವೋಲ್ಟೇಜನ್ನು ಸುಮ್ಮನೆ ಬಿಟ್ಟುಕೊಡುತ್ತಿದ್ದರಿಂದ ಒಳ್ಳೆಯ ಬಿಸಿಲಿನಲ್ಲಿ 27 ಆಂಪಿಯರ್ ದಾಟುತ್ತಿರಲಿಲ್ಲ. ಈಗ ಅವೇ ಪ್ಯಾನೆಲ್‌ಗಳಿಂದ ಬೇಸಗೆಯಲ್ಲಿ 34, 35 ಕಾಣುತ್ತದೆ. ಆದ್ದರಿಂದ ಲಿಥಿಯಮ್ಮಿನ ಬೆಲೆ ಕೇಳುವವರು ಅದಕ್ಕೆ ಹೊಂದುವ ಇನ್ವರ್ಟರಿನ ಬೆಲೆಯನ್ನೂ ಕೂಡಿಸಿಕೊಂಡೇ ಕೇಳಬೇಕು.

ಒಮ್ಮೆಗೇ ಭಾರ ಎಳೆಯುವ ಯಂತ್ರಗಳ ವಿಷಯದಲ್ಲಿ ಹಳೆಯದೇ ಗಟ್ಟಿ. ಅರ್ಧ ಎಚ್‌ಪಿ ಪಂಪು ಚಾಲೂ ಆಗುವ ಕ್ಷಣದಲ್ಲಿ ತನ್ನ ಮಾಮೂಲು ಬಳಕೆಯ ಐದಾರು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಟ್ಯೂಬ್ಯುಲರ್ ಬ್ಯಾಟರಿಗಳು ದೀಪಗಳನ್ನು ಒಮ್ಮೆ ಮಂಕಾಗಿಸಿ ಅದನ್ನು ಹೇಗೋ ಎತ್ತುತ್ತಿದ್ದವು. 100 ಆಂಪಿಯರಿಗೆ ಬೇಲಿ ಹಾಕಿಕೊಂಡ ಬಿಎಂಎಸ್ ಮುಲಾಜಿಲ್ಲದೆ ಕಡಿದುಬಿಡುತ್ತದೆ. ಮಿಕ್ಸಿಗೆ ತೊಂದರೆಯಿಲ್ಲ. ಪಂಪನ್ನು ಈಗ ಕರೆಂಟು ಇದ್ದಾಗ ಮಾತ್ರ ಹಾಕಿ ಮೇಲಿನ ಟ್ಯಾಂಕನ್ನು ತುಂಬಿಸಿಟ್ಟುಕೊಳ್ಳುತ್ತೇವೆ. ಮಳೆಗಾಲದಲ್ಲಿ ನೀರಿಗೆ ಬರವೇನೂ ಇಲ್ಲದ ಊರಾದ್ದರಿಂದ ಇದು ದೊಡ್ಡ ಕೊರತೆ ಎನಿಸಿಲ್ಲ.

ಮೈಸೂರಿನ ಅಕ್ಕನ ಮನೆಯ ಪರಿಸ್ಥಿತಿ ಬೇರೆ. ಅಲ್ಲಿ 2024ರಲ್ಲಿ, ಪಿಎಂ ಸೂರ್ಯಘರ್ ಯೋಜನೆಯಲ್ಲಿ, 3 ಕಿಲೋವ್ಯಾಟಿನ ಆನ್-ಗ್ರಿಡ್, ಅಂದರೆ ಬ್ಯಾಟರಿಯಿಲ್ಲದೆ ನೇರ ಕರೆಂಟಿನ ಲೈನಿಗೆ ಸೇರಿಸುವ, ಸೋಲಾರ್ ಹಾಕಿಸಿ 78,000 ರೂಪಾಯಿ ಸಹಾಯಧನ ಪಡೆದರು. ಒಳ್ಳೆಯ ಬಿಸಿಲಿನ ದಿನ ಹನ್ನೆರಡು ಯೂನಿಟ್ಟಿನವರೆಗೆ ಬರುತ್ತದೆ. ಆದರೆ ಕರೆಂಟು ಹೋದೊಡನೆ ಸೋಲಾರೂ ನಿಲ್ಲುತ್ತದೆ ಎಂಬುದನ್ನು ಯಾರೂ ಅಕ್ಕನಿಗೆ ಬಿಡಿಸಿ ಹೇಳಿರಲಿಲ್ಲ. ಕಂಬದ ಮೇಲೆ ದುರಸ್ತಿ ಮಾಡುವವರಿಗೆ ಮನೆಗಳ ಕಡೆಯಿಂದ ವಿದ್ಯುತ್ ಹರಿದು ಅಪಾಯವಾಗದಿರಲೆಂದು ಅಂಥ ಇನ್ವರ್ಟರುಗಳು ತಾವೇ ಬಂದ್ ಆಗುವಂತೆ ಮಾಡಿರುತ್ತಾರೆ. “ಮಾಡಿನ ಮೇಲೆ ರಣಬಿಸಿಲು, ಕೆಳಗೆ ಫ್ಯಾನ್ ತಿರುಗುವುದಿಲ್ಲ, ಇದೆಂಥ ಸೋಲಾರೋ ತಮ್ಮಾ” ಎಂದು ಅವಳು ಫೋನಿನಲ್ಲಿ ಕೇಳಿದ ಮೇಲೆಯೇ ಆ ಗೋಡೆಯ ಯುಪಿಎಸ್ ಬಂದದ್ದು. ಒಳಗೆ 12.8 ವೋಲ್ಟ್, 100 ಆಂಪಿಯರ್-ಗಂಟೆಯ ಲಿಥಿಯಂ, ಅಂದರೆ ಒಂದೂಕಾಲು ಯೂನಿಟ್. ಅಲ್ಲಿ ಕರೆಂಟು ಹೋಗುವುದು ಹೆಚ್ಚೆಂದರೆ ಎರಡು ಮೂರು ಗಂಟೆ. ಎರಡು ಫ್ಯಾನು, ನಾಲ್ಕು ದೀಪ, ಟಿವಿಗೆ ಅದು ಧಾರಾಳವಾಗಿ ಸಾಲುತ್ತದೆ. ಟ್ರಾಲಿಯಿಲ್ಲ, ನೀರು ಹಾಕುವ ಕೆಲಸವಿಲ್ಲ, ಆಸಿಡ್ ವಾಸನೆಯಿಲ್ಲ. ಆದರೆ ಮುಂದೆ ಸಾಮರ್ಥ್ಯ ಹೆಚ್ಚಿಸಲು ದಾರಿಯಿಲ್ಲ, ಮತ್ತು ಒಂದು ಸಣ್ಣ ಭಾಗ ಕೆಟ್ಟರೂ ಇಡೀ ಡಬ್ಬಿಯನ್ನೇ ಬಿಚ್ಚಿ ಸರ್ವೀಸಿಗೆ ಒಯ್ಯಬೇಕು. ಒಮ್ಮೆ ಹಾಗಾಗಿ ಎರಡು ವಾರ ಗೋಡೆಯ ಮೇಲೆ ನಾಲ್ಕು ತೂತುಗಳು ಮಾತ್ರ ಉಳಿದಿದ್ದವು. ನಗರದಲ್ಲಿ ಅದನ್ನು ಸಹಿಸಬಹುದು. ನಮ್ಮೂರಿಗೆ ನಾನು ಅದನ್ನು ತರಲಾರೆ.

ಖರ್ಚಿನ ಮಾತಿಗೆ ಬಂದರೆ, ಕರೆಂಟು ಬಿಲ್ಲು ಉಳಿಸಲು ಬ್ಯಾಟರಿ ಕೊಳ್ಳುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ಗೃಹಜ್ಯೋತಿಯಲ್ಲಿ 200 ಯೂನಿಟ್ಟಿನೊಳಗಿನ ಬಹುತೇಕ ಮನೆಗಳಿಗೆ ಬಿಲ್ಲೇ ಬಾರದಿರುವಾಗ ಉಳಿಸುವುದೇನನ್ನು? ನಮ್ಮ ಮನೆಯೂ ಅದರಲ್ಲೇ ಇದೆ. ನಾವು ಕೊಳ್ಳುತ್ತಿರುವುದು ಕತ್ತಲೆಯ ದಿನಗಳಿಗೆ ಬೆಳಕನ್ನು, ಅಷ್ಟೆ. 2017ರಲ್ಲಿ ಟ್ಯೂಬ್ಯುಲರ್ ಜೋಡಿಗೆ ಸುಮಾರು 26,000 ರೂಪಾಯಿ ಕೊಟ್ಟಿದ್ದೆ, ಅದು ಐದು ವರ್ಷ ಬಂತು. ಲಿಥಿಯಮ್ಮಿಗೆ 2022ರಲ್ಲಿ 48,000, ಹೊಸ ಇನ್ವರ್ಟರಿನ ಖರ್ಚು ಬೇರೆ. ಹಳೆಯ ಸೀಸಕ್ಕೆ ಗುಜರಿಯಲ್ಲಾಗಲಿ, ಹೊಸದರ ಜೊತೆ ಎಕ್ಸ್‌ಚೇಂಜಿನಲ್ಲಾಗಲಿ ಒಳ್ಳೆಯ ಬೆಲೆ ಸಿಗುತ್ತದೆ. ಸತ್ತ ಲಿಥಿಯಮ್ಮನ್ನು ನಮ್ಮ ಪೇಟೆಯಲ್ಲಿ ಕೇಳುವವರೇ ಇಲ್ಲ. ಹಾಗೆಯೇ, ಟ್ಯೂಬ್ಯುಲರ್ ಕೆಟ್ಟರೆ ಹೈಡ್ರೋಮೀಟರ್ ಹಿಡಿದು ಬಂದು ಯಾವ ಗೂಡು ಹೋಗಿದೆಯೆಂದು ಹೇಳುವ ಮೆಕ್ಯಾನಿಕ್ ಪ್ರತಿ ಪೇಟೆಯಲ್ಲೂ ಇದ್ದಾನೆ. ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ನೀರು ತುಂಬಿ, ಟರ್ಮಿನಲ್ಲುಗಳಿಗೆ ವ್ಯಾಸಲೀನ್ ಸವರಿ, ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಹೊರಹೋಗಲು ಕಿಟಕಿ ತೆರೆದಿಡುವ ಶಿಸ್ತು ಇರುವವರಿಗೆ, ಕರೆಂಟು ದಿನಕ್ಕೆ ಒಂದೆರಡು ಗಂಟೆ ಮಾತ್ರ ಹೋಗುವ ಬಯಲುಸೀಮೆಯ ಊರುಗಳಲ್ಲಿ, ಸಿ10 ಗುರುತಿನ ಟ್ಯೂಬ್ಯುಲರ್ ಇಂದಿಗೂ ಬುದ್ಧಿವಂತಿಕೆಯ ಆಯ್ಕೆ. ಅಲ್ಲಿ ಬಿಸಿಲು ಧಾರಾಳ, ಬ್ಯಾಟರಿ ದಿನವೂ ಪೂರ್ತಿ ತುಂಬುತ್ತದೆ. ಸೆಕೆಯೊಂದೇ ಅದಕ್ಕೆ ವೈರಿ. ಸೀಸದ ಬ್ಯಾಟರಿ ಇರುವ ಜಾಗದ ಉಷ್ಣತೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಹಳೆಯ ಲೆಕ್ಕ, ಆದ್ದರಿಂದ ಆರ್‌ಸಿಸಿ ತಾರಸಿಯ ಮೆಟ್ಟಿಲ ಕೋಣೆಯಲ್ಲಿ ಅದನ್ನು ಇಡಬಾರದು.

ನಮ್ಮಲ್ಲಿ ವೈರಿ ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಯಲ್ಲಿ ಲಿಥಿಯಂ ವ್ಯವಸ್ಥೆಯ ಎಲೆಕ್ಟ್ರಾನಿಕ್ಸ್ ಎಷ್ಟು ಸೂಕ್ಷ್ಮವೆಂದು 2023ರಲ್ಲಿ ತಿಳಿಯಿತು: ತೋಟದಾಚೆ ಬಡಿದ ಒಂದು ಸಿಡಿಲಿಗೆ ಇನ್ವರ್ಟರಿನ ಚಾರ್ಜರ್ ಬೋರ್ಡ್ ಸುಟ್ಟು, ಬಿಎಂಎಸ್ ಹೇಗೋ ಉಳಿಯಿತು. ಜಂಬಿಟ್ಟಿಗೆಯ ನೆಲ ಬೇಸಗೆಯಲ್ಲಿ ಒಣಗಿ ಅರ್ತಿಂಗ್ ದುರ್ಬಲವಾಗಿತ್ತು. ಈಗ ಅರ್ತಿಂಗ್ ಗುಂಡಿಯನ್ನು ಬಚ್ಚಲು ನೀರು ಹರಿಯುವ ಬದಿಗೆ ಬದಲಾಯಿಸಿ, ಪ್ಯಾನೆಲ್‌ನಿಂದ ಬರುವ ತಂತಿಗೆ ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರನ್ನೂ ಸಂಪರ್ಕ ಕಡಿಯುವ ಸ್ವಿಚ್ಚನ್ನೂ ಹಾಕಿಸಿದ್ದೇನೆ. ದೂರದಲ್ಲಿ ಗುಡುಗು ಕೇಳಿದೊಡನೆ ಅಂಗಳದ ಅಡಿಕೆಯ ಮೇಲೆ ಟಾರ್ಪಾಲು ಎಳೆಯಲು ಒಬ್ಬರು ಓಡುತ್ತಾರೆ, ಆ ಸ್ವಿಚ್ಚನ್ನು ಕೆಳಗಿಳಿಸಲು ಇನ್ನೊಬ್ಬರು.