ಆರ್ಕಿಡ್ ಪುಡಿ ತಂದಿದ್ದೀರಾ? ಮೊದಲು ಒಂದು ಹನಿ ಅಯೋಡಿನ್ ಬಿಟ್ಟು ನೋಡಿ

ಎಂಎಸ್ಸಿ ಪ್ರಾಜೆಕ್ಟ್‌ಗೆ ಅಂತ ಔಷಧಿ ಆರ್ಕಿಡ್ ಹುಡುಕುತ್ತಿರುವವರು ಇದನ್ನು ಓದಿಬಿಡಿ. ನನಗೆ ಐದು ತಿಂಗಳು ಹೋಯಿತು, ದುಡ್ಡು ಬೇರೆ.

ಕೆಲಸ ಇಷ್ಟೇ. ಡೆಂಡ್ರೋಬಿಯಂ ಅನ್ನುವ ಆರ್ಕಿಡ್ ಕುಲದ ಎರಡು ಜಾತಿಗಳ ಕಾಂಡದಿಂದ ಪಾಲಿಸ್ಯಾಕರೈಡ್ (ಸಕ್ಕರೆ ಕಣಗಳ ಉದ್ದ ಸರಪಳಿ) ತೆಗೆಯಬೇಕು. ಯಾವುದರ ರಚನೆ ಹೇಗಿದೆ, ಯಾವುದು ಉರಿಯೂತವನ್ನು ಜಾಸ್ತಿ ತಗ್ಗಿಸುತ್ತದೆ ಅಂತ ಹೋಲಿಸಬೇಕು. ಒಂದು ನರ್ಸರಿಯಲ್ಲಿ ಸಿಕ್ಕಿತು. ಇನ್ನೊಂದು ಆಗ ಸಿಗಲಿಲ್ಲ. ಸಕಲೇಶಪುರದ ನಮ್ಮ ತೋಟದ ಮರಗಳಲ್ಲಿ ಸೀತಾಳೆ ಅನ್ನುವ ಆರ್ಕಿಡ್ ಬೇಕಾದಷ್ಟಿದೆ, ಆದರೆ ತಾನಾಗಿ ಬೆಳೆದದ್ದನ್ನು ಕೀಳಬೇಡ ಅಂದರು ಗೈಡ್. ಅದು ಸರಿಯೇ. ಹಾಗಾಗಿ ಚಿಕ್ಕಮಗಳೂರಿನ ಒಬ್ಬ ವ್ಯಾಪಾರಿಯ ಹತ್ತಿರ ಅರ್ಧ ಕೆಜಿ ‘ಜೀವಂತಿ’ ಪುಡಿ ತಂದೆ. ಎಡವಿದ್ದು ಅಲ್ಲೇ. ಜೀವಂತಿ ಅಂತ ಒಂದು ಡೆಂಡ್ರೋಬಿಯಂ ಅನ್ನೂ ಮಾರುತ್ತಾರೆ, ಅದಕ್ಕೆ ಸಂಬಂಧವೇ ಇಲ್ಲದ ಲೆಪ್ಟಡೀನಿಯಾ ಬಳ್ಳಿಯನ್ನೂ ಮಾರುತ್ತಾರೆ. ಪುಡಿ ಮಾಡಿದ ಮೇಲೆ ಕಣ್ಣಿಗೆ ಏನು ಗೊತ್ತಾಗುತ್ತದೆ? ಕೊಂಡರೆ ಇಡೀ ಕಾಂಡವನ್ನೇ ಕೊಳ್ಳಿ.

ಕುದಿಸಿ, ಸೋಸಿ, ಆಲ್ಕೋಹಾಲ್ ಹಾಕಿ ತೆಗೆದದ್ದನ್ನು ಒಂದು ಖಾಸಗಿ ಲ್ಯಾಬ್‌ಗೆ ಕಳಿಸಿದೆ. ಪುಡಿಯದರಲ್ಲಿ 71% ಪಾಲಿಸ್ಯಾಕರೈಡ್, ನರ್ಸರಿ ಗಿಡದ್ದರಲ್ಲಿ 34% ಅಂತ ರಿಪೋರ್ಟ್ ಬಂತು. ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ.

ಒಂದು ಭಾನುವಾರ ಮನೆಯಲ್ಲೇ ಎರಡನ್ನೂ ಸ್ವಲ್ಪ ಕುದಿಸಿ ಆರಲು ಇಟ್ಟಿದ್ದೆ. ನರ್ಸರಿ ಗಿಡದ್ದು ಬೆಂಡೆಕಾಯಿ ಲೋಳೆಯ ಹಾಗೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ಪುಡಿಯದ್ದು ಸೌಟಿನಿಂದ ಮುದ್ದೆ ಮುದ್ದೆಯಾಗಿ ಬಿತ್ತು. ‘ಇದೇನೇ, ಸೀರೆಗೆ ಹಾಕೋ ಗಂಜಿ ಥರ ಇದೆ’ ಅಂದಳು ಅಮ್ಮ.

ಮರುದಿನ ಕಾಲೇಜಿನಲ್ಲಿ ಪುಡಿಯದ್ದಕ್ಕೆ ಒಂದು ಹನಿ ಅಯೋಡಿನ್ ಬಿಟ್ಟೆ. ಕಡು ನೀಲಿ, ಅಂದರೆ ಪಿಷ್ಟ. (ಆರಿದ ಮೇಲೇ ಹಾಕಿ, ಬಿಸಿಯಿದ್ದರೆ ಬಣ್ಣ ನಿಲ್ಲುವುದಿಲ್ಲ.) ಗಿಡದಲ್ಲೂ ಒಂಚೂರು ಪಿಷ್ಟ ಇರುತ್ತದೆ, ಆದರೆ ಇಷ್ಟಾ? ಕುದಿಸದ ಪುಡಿಯನ್ನು ಮೈಕ್ರೋಸ್ಕೋಪಿನಲ್ಲಿ ಅಕ್ಕಿಹಿಟ್ಟಿನ ಸ್ಲೈಡ್ ಪಕ್ಕಕ್ಕಿಟ್ಟು ನೋಡಿದರೆ ಅದೇ ಸಣ್ಣ, ಮೂಲೆಮೂಲೆಯ ಕಣಗಳು. ವ್ಯಾಪಾರಿಗೆ ಫೋನ್ ಮಾಡಿದೆ. ‘ಸ್ವಲ್ಪ ಹಾಕ್ತಾರೆ ಮೇಡಂ, ಎಲ್ರೂ ಹಾಕೋದೇ’ ಅಂದ.

ಲ್ಯಾಬ್ ಸುಳ್ಳು ಹೇಳಿರಲಿಲ್ಲ. ಅವರು ಮಾಡಿದ್ದು ಫಿನಾಲ್-ಸಲ್ಫ್ಯೂರಿಕ್ ಆಸಿಡ್ ಪರೀಕ್ಷೆ. ಅದಕ್ಕೆ ಅಕ್ಕಿಹಿಟ್ಟೂ ಒಂದೇ, ಆರ್ಕಿಡ್ಡೂ ಒಂದೇ, ಎಲ್ಲ ಸಕ್ಕರೆಗೂ ಬಣ್ಣ ಬರುತ್ತದೆ. ಡೆಂಡ್ರೋಬಿಯಂ ಪಾಲಿಸ್ಯಾಕರೈಡ್‌ನಲ್ಲಿ ಮ್ಯಾನೋಸ್ ಅನ್ನುವ ಸಕ್ಕರೆ ಇರಬೇಕು. ಪಿಷ್ಟದಲ್ಲಿ ಇರುವುದು ಬರೀ ಗ್ಲೂಕೋಸ್. ಚೀನಾದ ಫಾರ್ಮಕೋಪಿಯಾ (ಔಷಧಿಗಳ ಗುಣಮಟ್ಟ ಹೇಳುವ ಅಧಿಕೃತ ಪುಸ್ತಕ) ಡೆಂಡ್ರೋಬಿಯಂ ಅಫಿಸಿನೇಲ್‌ಗೆ ಪಾಲಿಸ್ಯಾಕರೈಡ್ ಕನಿಷ್ಠ 25% ಅನ್ನುವುದರ ಜೊತೆಗೆ ಮ್ಯಾನೋಸ್ 13ರಿಂದ 38% ಅಂತಲೂ ಕೇಳುತ್ತದೆ. ನಾನು ಮ್ಯಾನೋಸ್ ಪರೀಕ್ಷೆ ಕೇಳಿಯೇ ಇರಲಿಲ್ಲ.

ಉರಿಯೂತದ ರಿಪೋರ್ಟ್ ಕಥೆ ಇನ್ನೊಂದು. ಇಲಿಯ ಮ್ಯಾಕ್ರೋಫೇಜ್ (ರೋಗನಿರೋಧಕ) ಕೋಶಗಳನ್ನು ಬ್ಯಾಕ್ಟೀರಿಯಾದ ಹೊರಪದರದ ಎಲ್‌ಪಿಎಸ್ ಅನ್ನುವ ವಿಷ ಹಾಕಿ ಕೆರಳಿಸುತ್ತಾರೆ, ಆಮೇಲೆ ನಮ್ಮ ಸಾರ ಹಾಕುತ್ತಾರೆ. ಕೆರಳಿದ ಕೋಶಗಳು ಬಿಡುವ ನೈಟ್ರಿಕ್ ಆಕ್ಸೈಡ್ ಇಳಿದರೆ ಉರಿಯೂತ ತಗ್ಗಿತು ಅಂತ ಲೆಕ್ಕ. ನನ್ನದರಲ್ಲಿ ಚೆನ್ನಾಗಿಯೇ ಇಳಿದಿತ್ತು. ಆದರೆ ಕೋಶ ಸತ್ತರೂ ಇಳಿಯುತ್ತದಲ್ವಾ? ಬದುಕಿದ್ದವಾ ಅಂತ ನೋಡುವ ಎಂಟಿಟಿ ಪರೀಕ್ಷೆ ಎಲ್ಲಿ ಅಂತ ಲ್ಯಾಬ್‌ನವರನ್ನು ಕೇಳಿದೆ. ‘ಅದು ಈ ಪ್ಯಾಕೇಜ್‌ನಲ್ಲಿ ಬರಲ್ಲ ಮೇಡಂ.’ ಸಾರಕ್ಕೇ ಎಲ್‌ಪಿಎಸ್ ಸೇರಿಕೊಂಡಿದೆಯಾ ಅಂತ ನೋಡುವ ಎಂಡೋಟಾಕ್ಸಿನ್ ಪರೀಕ್ಷೆಯೂ ಇರಲಿಲ್ಲ. ಸೇರಿದ್ದರೆ ನಮ್ಮ ಸಾರವೇ ಕೋಶಗಳನ್ನು ಕೆರಳಿಸುತ್ತದೆ. ದುಡ್ಡು ಕಟ್ಟುವ ಮುಂಚೆ ಈ ಎರಡನ್ನೂ ಬರೆಸಿಕೊಳ್ಳಿ.

ಈಗ ಎರಡಕ್ಕೂ ನರ್ಸರಿ ಕಾಂಡವನ್ನೇ ತಂದಿದ್ದೇನೆ. ಒಂದೇ ದಿನ, ಒಂದೇ ಪಾತ್ರೆ, ಒಂದೇ ಬಿಸಿ. ಒಂದಕ್ಕೆ ಕ್ಷಾರ ಹಾಕಿ ಇನ್ನೊಂದಕ್ಕೆ ಹಾಕದೆ ಬಿಟ್ಟರೂ ಕೆಟ್ಟಿತು, ಕ್ಷಾರ ಬಿದ್ದದ್ದರಲ್ಲಿ ಸಕ್ಕರೆ ಸರಪಳಿಗೆ ಅಂಟಿಕೊಂಡ ಅಸಿಟೈಲ್ ಗುಂಪುಗಳು ಉದುರಿ ರಚನೆಯೇ ಬದಲಾಗುತ್ತದೆ. ವ್ಯಾಪಾರಿ ದುಡ್ಡು ವಾಪಸ್ ಕೊಟ್ಟಿಲ್ಲ.