ಸ್ಲೀವ್ ಆದಮೇಲೆ ಗಟ್ಟಿ ಆಹಾರ: ಮೊಟ್ಟೆ, ಕೋಳಿ, ಮೀನು, ಬೇಳೆ ಪೈಕಿ ನನಗೆ ಒಗ್ಗಿದ್ದು ಯಾವುದು?

ತೂಕ ಇಳಿಸುವ ಸರ್ಜರಿ ಮುಗಿಸಿ, ತಿಳಿ ದ್ರವ, ಮಂದ ದ್ರವ, ರುಬ್ಬಿದ್ದು, ಮೆತ್ತಗಿನದು ಎಂಬ ಹಂತಗಳನ್ನೆಲ್ಲ ದಾಟಿ ಗಟ್ಟಿ ಆಹಾರಕ್ಕೆ ಬರಲು ಸಾಮಾನ್ಯವಾಗಿ 6ರಿಂದ 8 ವಾರ ಹಿಡಿಯುತ್ತದೆ. ನನ್ನದು ಸ್ಲೀವ್. ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ತೆಗೆದು, ಉಳಿದದ್ದನ್ನು ಸಣ್ಣ ಕೊಳವೆಯಂತೆ ಮಾಡುತ್ತಾರೆ. ಅಷ್ಟು ಪುಟ್ಟ ಜಾಗದಲ್ಲೇ ದಿನಕ್ಕೆ 60 ಗ್ರಾಂಗೆ ಕಡಿಮೆಯಿಲ್ಲದಂತೆ ಪ್ರೋಟೀನ್ ತುಂಬಬೇಕು. ಹಾಗಾಗಿ ಪ್ರತಿ ಪದಾರ್ಥದಲ್ಲೂ ನಾನು ನೋಡಿದ್ದು ಎರಡೇ: ಎದೆಯಲ್ಲಿ ಸಿಕ್ಕಿಕೊಳ್ಳದೆ ಇಳಿಯುತ್ತದೆಯೇ? ಮುಂದಿನ ಊಟದವರೆಗೆ ಹೊಟ್ಟೆ ತಡೆಯುತ್ತದೆಯೇ?

ಲೆಕ್ಕದಲ್ಲಿ ಕೋಳಿಯನ್ನು ಮೀರಿಸುವವರಿಲ್ಲ. ಬೇಯಿಸಿದ ಎದೆ ಭಾಗದ 100 ಗ್ರಾಂನಲ್ಲಿ ಸುಮಾರು 30 ಗ್ರಾಂ ಪ್ರೋಟೀನ್. ತಿನ್ನಲು ಕೂತರೆ ಕಥೆಯೇ ಬೇರೆ. ಎಷ್ಟು ಅಗಿದರೂ ಬಾಯಲ್ಲಿ ನಾರು ನಾರಾಗಿ ಉಳಿಯುತ್ತದೆ. ಎರಡನೇ ತುತ್ತು ಎದೆಗೂಡಿನ ಹಿಂದೆ ನಿಂತೇಬಿಟ್ಟಿತು. ಮೊದಲು ಮೂಗು ಸೋರಿತು, ಆಮೇಲೆ ಬಿಕ್ಕಳಿಕೆ, ಕೊನೆಗೆ ಬಾಯಿ ತುಂಬ ಅಂಟಂಟು ನೊರೆ ಜೊಲ್ಲು. ಇಂಥ ಹೊತ್ತಿನಲ್ಲಿ ನೀರು ಕುಡಿದು ತಳ್ಳೋಣ ಅನ್ನಿಸುತ್ತದೆ, ಆದರೆ ನೀರಿಗೂ ದಾರಿ ಇರುವುದಿಲ್ಲ. ಎಲ್ಲ ಸೇರಿ ಮೇಲಕ್ಕೇ ಬರುತ್ತದೆ. ಎದ್ದು ನಿಧಾನ ಓಡಾಡಿದೆ, ತಾನಾಗಿ ಸರಿಹೋಯಿತು. (ವಾಂತಿ ನಿಲ್ಲದಿದ್ದರೆ, ದ್ರವವೂ ಇಳಿಯದಿದ್ದರೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ವಾಂತಿ ಹೀಗೇ ಮುಂದುವರಿದರೆ ಮೈಯಲ್ಲಿ ನೀರಷ್ಟೇ ಅಲ್ಲ, ಥಯಾಮಿನ್ ಎಂಬ ಬಿ1 ವಿಟಮಿನ್ ಕೂಡ ಬರಿದಾಗುತ್ತದೆ.) ಮತ್ತೆ ಬಿಸಿ ಮಾಡಿದ ಕೋಳಿಯಂತೂ ಇನ್ನೂ ಒಣಕಲು. ಅದೇ ಕೋಳಿಯ ತೊಡೆ ಭಾಗವನ್ನು ಖೀಮಾ ಮಾಡಿ ಗ್ರೇವಿಯಲ್ಲಿ ಬೇಯಿಸಿದಾಗ ತಕರಾರಿಲ್ಲದೆ ಇಳಿಯಿತು.

ಮೊಟ್ಟೆಯೂ ಹೀಗೇ, ಮಾಡುವ ರೀತಿಯ ಮೇಲೆ ನಿಂತಿದೆ. ಗಟ್ಟಿಯಾಗಿ ಬೇಯಿಸಿದರೆ ಬಿಳಿ ರಬ್ಬರು, ಹಳದಿ ಒಣ ಹಿಟ್ಟು. ಸಣ್ಣ ಉರಿಯಲ್ಲಿ ಕಲಕುತ್ತಾ ಬೇಯಿಸಿ, ಪೂರ್ತಿ ಬೆಂದ ಕೂಡಲೇ, ಪಸೆ ಆರುವ ಮುಂಚೆ ಇಳಿಸಿದರೆ ಬೆಳಗಿನ ಹೊತ್ತಿಗೂ ಒಗ್ಗುತ್ತದೆ. ನನ್ನ ಹೊಟ್ಟೆ ಎಲ್ಲಕ್ಕಿಂತ ಬಿಗಿಯಾಗಿರುವುದು ಬೆಳಿಗ್ಗೆಯೇ. ಒಂದು ಮೊಟ್ಟೆಯಿಂದ ಸಿಗುವುದು ಸುಮಾರು 6 ಗ್ರಾಂ ಪ್ರೋಟೀನ್ ಮಾತ್ರ, ಅದೊಂದೇ ಕೊರತೆ.

ಮೀನನ್ನು ನಾನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ, ಗೆದ್ದದ್ದು ಅದೇ. ಹಬೆಯಲ್ಲಿ ಬೆಂದ ಬಿಳಿ ಮೀನು ಫೋರ್ಕ್ ತಾಗಿಸಿದರೆ ಎಸಳೆಸಳಾಗಿ ಬಿಡಿಸಿಕೊಳ್ಳುತ್ತದೆ. ಅರ್ಧ ಅಗಿಯುವ ಕೆಲಸ ತಟ್ಟೆಯಲ್ಲೇ ಮುಗಿದಿರುತ್ತದೆ. 100 ಗ್ರಾಂಗೆ 20 ಗ್ರಾಂ ಆಸುಪಾಸು ಪ್ರೋಟೀನ್ ಇದ್ದು, ಹಸಿವನ್ನೂ ಚೆನ್ನಾಗಿ ತಡೆಯುತ್ತದೆ. ಮುಳ್ಳು ತೆಗೆದಿರಬೇಕು, ಕರಿದಿರಬಾರದು.

ಬೇಳೆ ಸಲೀಸಾಗಿ ಇಳಿಯುತ್ತದೆ, ಆದರೆ ಬೆಂದ ಬೇಳೆ 100 ಗ್ರಾಂ ತಿಂದರೂ ಸಿಗುವುದು ಸುಮಾರು 9 ಗ್ರಾಂ. ಅಷ್ಟು ಹಿಡಿಸುವಷ್ಟರಲ್ಲಿ ಹೊಟ್ಟೆ ತುಂಬಿ, ಗ್ಯಾಸ್ ಬೇರೆ. ಮಾಂಸ ತಿನ್ನದವರು ಬೇಳೆಯೊಂದನ್ನೇ ನೆಚ್ಚಿಕೊಂಡರೆ 60 ಮುಟ್ಟುವುದು ಕಷ್ಟ. ತೋಫು, ಗಟ್ಟಿ ಮೊಸರು, ಪ್ರೋಟೀನ್ ಪುಡಿ ಸೇರಲೇಬೇಕು. ಮೊಸರಂತೂ ಎಂದೂ ಸಿಕ್ಕಿಕೊಂಡಿಲ್ಲ, ಆದರೆ ಹೊಟ್ಟೆಯಿಂದ ಬೇಗ ಖಾಲಿಯಾಗುತ್ತದೆ. ಸಿಹಿ ಹಾಕಿದ್ದನ್ನು ಮಾತ್ರ ಬಿಡಿ, ಅದರಲ್ಲೂ ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸುವ ಇನ್ನೊಂದು ಬಗೆಯ ಸರ್ಜರಿ) ಆದವರು. ಸಕ್ಕರೆ ನೇರ ಸಣ್ಣ ಕರುಳಿಗೆ ನುಗ್ಗಿ, ಅರ್ಧ ಗಂಟೆಯೊಳಗೆ ಬೆವರು, ಎದೆ ಡವಡವ, ಭೇದಿ ಶುರುವಾಗಬಹುದು. ಡಂಪಿಂಗ್ ಅನ್ನುವುದು ಇದಕ್ಕೇ.

ಮೆತ್ತನೆಯ ಬ್ರೆಡ್ ಒಳಗೆ ಹೋಗಿ ಹಿಟ್ಟಿನ ಮುದ್ದೆಯಾಗುತ್ತದೆ, ಅನ್ನವೂ ಹೆಚ್ಚುಕಮ್ಮಿ ಹಾಗೇ. ಗರಿಗರಿ ಟೋಸ್ಟ್ ವಾಸಿ.

ಎಲ್ಲಕ್ಕಿಂತ ಸುಖವಾಗಿ ಇಳಿದದ್ದು ಬಿಸ್ಕತ್ತು ಮತ್ತು ಚಿಪ್ಸ್. ನನ್ನ ಭಯವೂ ಅಲ್ಲೇ. ಕರಗಿ ಜಾರುತ್ತವೆ, ನೋವಿಲ್ಲ, ಹೊಟ್ಟೆ ತುಂಬಿದ ಸೂಚನೆಯೂ ಇಲ್ಲ. ಗಂಟೆಗಟ್ಟಲೆ ತಿನ್ನುತ್ತಾ ಕೂರಬಹುದು, ಸರ್ಜರಿ ಕೊಟ್ಟ ಕಡಿವಾಣಕ್ಕೆ ಅರ್ಥವೇ ಇರುವುದಿಲ್ಲ. ಊಟದ ಜೊತೆ ನೀರು ಕುಡಿದರೂ ತಿಂದದ್ದು ಬೇಗ ಜಾರುತ್ತದೆ, ಆದ್ದರಿಂದ ಊಟವಾಗಿ 30 ನಿಮಿಷ ನಾನು ಲೋಟ ಮುಟ್ಟುವುದಿಲ್ಲ.

ಸದ್ಯಕ್ಕೆ ಬೆಳಿಗ್ಗೆ ಕಲಕಿದ ಮೊಟ್ಟೆ, ಮಧ್ಯಾಹ್ನ ಮೀನು, ರಾತ್ರಿ ಖೀಮಾ ಇಲ್ಲವೇ ತೋಫು. ಕೋಳಿಯ ಎದೆ ಭಾಗವನ್ನು ಇನ್ನೂ ಕೆಲವು ತಿಂಗಳು ಬಿಟ್ಟು ನೋಡೋಣ ಅಂದಿದ್ದಾರೆ ಡಯೆಟಿಷಿಯನ್. ನನಗೇನೂ ಅವಸರವಿಲ್ಲ.